ಯಶೋಧರಾಳ ಕೈಗುಣ, ಸುಂಕಪ್ಪನ ಕೂಲರು

ನನ್ನ ಸೊಸೆ ಯಶೋಧರಾಳ ಕೈಗುಣ ಸರಿಯಿಲ್ಲ ಎಂದು ಓಣಿಯೆಲ್ಲ ಹೇಳಿಕೊಂಡು ತಿರುಗಿದವನು ನನ್ನ ಮೈದುನ ಸುಂಕಪ್ಪ. ಅವನನ್ನು ಅದೇ ಓಣಿಯ ನಡುವೆ ನಿಲ್ಲಿಸಿ ಬಯ್ಯಬೇಕು ಅನ್ನುವಷ್ಟು ಸಿಟ್ಟು ನನಗೆ ಇವತ್ತಿಗೂ ಇದೆ. ಅವನು ಹೇಳಿದ್ದು ಎಲ್ಲರಿಗೂ ಗೊತ್ತು, ನಡೆದದ್ದು ಯಾರಿಗೂ ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಯಶೋಧರಾ ಸಿರುಗುಪ್ಪದ ಕಡೆ ಕರೂರಿನವಳು. ಅಪ್ಪ ಅವ್ವ ಇಬ್ಬರೂ ಬೇರೆಯವರ ಗದ್ದೆಯಲ್ಲಿ ಭತ್ತದ ಸಸಿ ಹಚ್ಚಿದವರು. ಇವಳೂ ರಜೆಯಲ್ಲಿ ಕೆಸರಿಗಿಳಿದು, ಉಳಿದ ದಿನ ಬಸ್ಸು ಹತ್ತಿ ಸಿರುಗುಪ್ಪಕ್ಕೆ ಹೋಗಿ ಬಿ.ಎ. ಮುಗಿಸಿದಳು. ಮದುವೆಗೆ ಬೀರು ಕೊಡುತ್ತೇವೆ ಎಂದು ತವರಿನವರು ಅಂದರೆ, ಬೇಡ, ಕಂಪ್ಯೂಟರ್ ಕೊಡಿಸಿ ಅಂದಳಂತೆ. ಯಾರೋ ಬಳಸಿ ಬಿಟ್ಟಿದ್ದ ಕಂಪ್ಯೂಟರ್ ಬಳ್ಳಾರಿಗೆ ಬಸ್ಸಿನಲ್ಲಿ ಬಂತು. ಡಬ್ಬಿ ಸೀಟಿನ ಕೆಳಗೆ, ಪರದೆ ಇವಳ ತೊಡೆಯ ಮೇಲೆ. ಬೀರು ಬಿಟ್ಟು ಇದೇನು ತಂದಳು ಎಂದು ನನಗೂ ವಿಚಿತ್ರ ಅನ್ನಿಸಿತ್ತು. ವರ್ಷ ಕಳೆಯುವುದರೊಳಗೆ ಪ್ರೆಸ್ಸಿನವರು ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆಗಳನ್ನು ಟೈಪು ಮಾಡಲು ಇವಳಿಗೇ ಕಳಿಸತೊಡಗಿದರು. ಅಡುಗೆ ಮುಗಿಸಿ, ಸೆರಗು ಸಿಕ್ಕಿಸಿ ಕುಳಿತಳೆಂದರೆ ಕೀಲಿಗಳ ಸದ್ದು ಜೋಳ ಹುರಿದಂತೆ ಕೇಳುತ್ತಿತ್ತು.

ಹೋದ ಬೇಸಿಗೆಯ ಒಂದು ಮಧ್ಯಾಹ್ನ ಕಂಪ್ಯೂಟರ್ ಕೆಲಸದ ನಡುವೆ ತಾನಾಗಿ ಆರಿಹೋಯಿತು. ಡಬ್ಬಿಯೊಳಗಿನ ಫ್ಯಾನಿಗೆ ಕೆಂಪು ಧೂಳು ಮೆತ್ತಿಕೊಂಡಿತ್ತು. ಯಶೋಧರಾ ಬ್ರಷ್ಷಿನಿಂದ ಉದುರಿಸಿದಳು, ಸರಿಹೋಯಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಸುಂಕಪ್ಪನ ಕಿವಿಗೆ ಬಿತ್ತಲ್ಲ! ಅವನು ಕಚೇರಿಯೊಂದರಲ್ಲಿ ಅಟೆಂಡರ್ ಆಗಿ ನಿವೃತ್ತನಾದವನು.

"ಸಾಹೇಬ್ರ ರೂಮಿನ ಕಂಪ್ಯೂಟರಿಗೆ ದಿನಾ ಎ.ಸಿ. ಹಚ್ತಿದ್ದಾಂವ ನಾನು," ಎಂದ. "ಬಳ್ಳಾರಿ ಬಿಸಲಾಗ ಮನಷಾನ ಬೇಯ್ತಾನ, ಇದು ಬದುಕ್ತೈತೇನು?"

ತನ್ನ ಮನೆಯ ಹಳೆಯ ಕೂಲರನ್ನು ಹೊತ್ತು ತಂದ. ಡಬ್ಬಿಯ ಪಕ್ಕದ ತಗಡನ್ನು ಬಿಚ್ಚಿ, ಕೂಲರಿನ ಮುಖವನ್ನು ಅದರ ಹೊಟ್ಟೆಗೇ ತಿರುಗಿಸಿ ಇಟ್ಟ. "ನೋಡವ್ವಾ, ಊಟಿ ಆತು!"

"ಸಣ್ಣ ಮಾವಾ, ಅದರಾಗ ನೀರೈತಿ. ತೇವ ಹೊಡಿತೈತಿ," ಎಂದಳು ಯಶೋಧರಾ.

"ನೀರು ಕೆಳಗೈತಿ, ಗಾಳಿ ಮ್ಯಾಲೈತಿ. ಬಿ.ಎ. ಓದಿದಾಕಿಗೆ ಅಷ್ಟೂ ತಿಳಿಯಂಗಿಲ್ಲೇನು?"

ಹಿರಿಯ ಎಂದು ಅವಳು ಸುಮ್ಮನಾದಳು. ಬೆಂದ ಮನೆಗೆ ತಂಪು ಗಾಳಿ ಬಂತಲ್ಲ ಎಂದು ಉಳಿದವರೂ ಸುಮ್ಮನಾದೆವು.

ವಾರ ಕಳೆಯುವುದರೊಳಗೆ ಹೊಸ ರೋಗ ಶುರು. ಬಟನ್ ಒತ್ತಿದರೆ ಒಳಗೆ ಫ್ಯಾನು ತಿರುಗುತ್ತದೆ, ಪರದೆ ಕಪ್ಪು. ಕೀಂ ಎಂದು ಉದ್ದಕ್ಕೆ ಕೂಗುತ್ತದೆ, ನಿಲ್ಲಿಸಿ ಮತ್ತೆ ಕೂಗುತ್ತದೆ. ಯಶೋಧರಾ ಪ್ಲಗ್ಗು ಬದಲಿಸಿದಳು, ಪರದೆಯ ವಯರು ಬಿಚ್ಚಿ ಹಾಕಿದಳು. ಊಹೂಂ. ಕೊನೆಗೆ ಕರೆಂಟು ತೆಗೆದು, ಒಳಗಿನಿಂದ ರ‍್ಯಾಮ್ ಎಂಬ ಹಸಿರು ಪಟ್ಟಿಯನ್ನು ಕಿತ್ತು, ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ ಮತ್ತೆ ಕೂಡಿಸಿದಳು. ಪರದೆ ಬೆಳಗಿತು. ಕೆಲವು ದಿನ ನಡೆಯಿತು, ಮತ್ತೆ ಕೀಂ. ಮತ್ತೆ ತಿಕ್ಕಿದಳು, ಮತ್ತೆ ಕೀಂ. ಹೇಳಿದ ದಿನಕ್ಕೆ ಕೆಲಸ ಮುಗಿಯದೆ ಒಬ್ಬ ಪ್ರೆಸ್ಸಿನವನು ಬೇರೆಯವರನ್ನು ಹುಡುಕಿಕೊಂಡ.

ಸುಂಕಪ್ಪ ಬಂದು ಬಂದು ನೋಡಿ, "ಅಕಿ ಕೈ ಹಚ್ಚಿದ್ದು ಉಳಿಯಂಗಿಲ್ಲ" ಎಂದು ಶುರುಮಾಡಿದ. ನಳದ ಮುಂದೆ ಹೆಂಗಸರೂ ಅದನ್ನೇ ಆಡಿದರು. ನನ್ನ ಮಗ ದುರ್ಗೇಶ ಲಾರಿ ಓಡಿಸುವವನು. ಮನೆಗೆ ಬಂದಾಗ ಹೆಂಡತಿ ಅತ್ತರೆ "ಹೋಗ್ಲಿ ಬಿಡು" ಎನ್ನುವನು. ಅಷ್ಟೇ ಅವನ ಮಾತು.

ಈ ನಡುವೆ ಕೂಲರಿನ ಮೋಟರು ಸುಟ್ಟು ಕೆಲವು ದಿನ ಮೂಲೆಗೆ ನಿಂತಿತು. ಆ ದಿನಗಳಲ್ಲಿ ಕಂಪ್ಯೂಟರ್ ಒಮ್ಮೆಯೂ ಕೂಗಲಿಲ್ಲ. ಸುಂಕಪ್ಪ ಮೋಟರು ಹಾಕಿಸಿ ತಂದ, ಎರಡೇ ದಿನದಲ್ಲಿ ಕೀಂ. ಯಶೋಧರಾ ಕೂಲರನ್ನೇ ದಿಟ್ಟಿಸಿ ನೋಡುತ್ತ ನಿಂತದ್ದನ್ನು ನಾನು ಕಂಡೆ.

ಮರುದಿನ ಬೆಳಿಗ್ಗೆಯೇ ಸುಂಕಪ್ಪ ತನ್ನ ಅಳಿಯ ಎರ್ರೆಪ್ಪನನ್ನು ಬಾದನಹಟ್ಟಿಯಿಂದ ಟಂಟಂ ಗಾಡಿ ಸಮೇತ ಕರೆಸಿಬಿಟ್ಟ.

"ಈ ಮನ್ಯಾಗ ಇದು ನಿಲ್ಲಂಗಿಲ್ಲ. ನನ್ನ ಮಗಳ ಮನ್ಯಾಗಿದ್ರ ಮಕ್ಕಳಾರ ಕಲೀತಾವು. ಎರ್ರೆಪ್ಪ, ಎತ್ತೋ!"

ಯಶೋಧರಾ ಮೇಜಿಗೆ ಅಡ್ಡ ನಿಂತಳು. "ಎತ್ತಾಕ ಮುಂಚೆ ಇಲ್ಲಿ ಕುಂದರ್ರಿ, ಸಣ್ಣ ಮಾವಾ."

ಡಬ್ಬಿಯೊಳಗೆ ಬೆರಳಾಡಿಸಿ ತೋರಿಸಿದಳು, ಬೆಳ್ಳನೆ ಪುಡಿ. ಆಮೇಲೆ ಕೂಲರಿನಲ್ಲಿ ನೀರಿಳಿಯುವ ಹುಲ್ಲಿಗೆ ಇನ್ನೊಂದು ಬೆರಳು ಒರೆಸಿದಳು, ಅದೇ ಬೆಳ್ಳನೆ ಪುಡಿ. ನಮ್ಮ ಓಣಿಯ ಬೋರಿನ ನೀರಿನಿಂದ ಕೊಡಗಳ ಬಾಯಿಗೆ ಕಟ್ಟುವ ಬಿಳಿ ಅದು.

"ಧೂಳದು," ಎಂದ ಸುಂಕಪ್ಪ.

"ಧೂಳಾದ್ರ ನೆಕ್ಕಿ ನೋಡ್ರಿ."

ಎರ್ರೆಪ್ಪ ನಿಜವಾಗಿಯೂ ಕೂಲರಿನ ಹುಲ್ಲು ಮುಟ್ಟಿ ನಾಲಗೆಗೆ ಇಟ್ಟುಕೊಂಡ. "ಉಪ್ಪೈತಿ ಮಾವಾ. ನಮ್ಮೂರ ಬೋರಿಗಿಂತ ಕೆಟ್ಟೈತಿ."

"ಮುಚ್ಚಲೇ ಬಾಯಿ!"

"ನಿಮ್ಮ ಕೂಲರ್ ಕೆಟ್ಟು ನಿಂತಾಗ ಇದು ಕೂಗ್ಲಿಲ್ಲ," ಎಂದಳು ಯಶೋಧರಾ. "ನೀವು ಮೋಟ್ರು ಹಾಕಿಸಿದ್ರಿ, ಮತ್ತ ಕೂಗ್ತು. ಆಗ ಎಲ್ಲಿಗೆ ಹೋಗಿತ್ರೀ ನನ್ನ ಕೈಗುಣ?"

ಪಟ್ಟಿ ಕಿತ್ತು ತಿಕ್ಕಿದಳು. ಅದು ಕೂಡುವ ಸಂದಿಯನ್ನು ಒಣ ಬ್ರಷ್ಷಿನಿಂದ ಗುಡಿಸಿದಳು. ಎರಡೂ ತುದಿ ಟಕ್ ಅನ್ನುವವರೆಗೆ ಒತ್ತಿದಳು. ತಗಡು ಮುಚ್ಚಿ ತಿರುಪು ಬಿಗಿದಳು. ಬಟನ್ ಒತ್ತಿದಾಗ ಕೀಂ ಅನ್ನದೆ ಪರದೆ ಬೆಳಗಿತು.

"ಇವತ್ತು ಚಾಲೂ ಆತು. ನಾಳಿ?" ಎಂದ ಸುಂಕಪ್ಪ.

ನನಗೆ ತಡೆಯಲಾಗಲಿಲ್ಲ. "ನಾಳಿ ನಿನ್ನ ಕೂಲರ್ ಇಲ್ಲಿರಂಗಿಲ್ಲ! ಅಕಿ ಅಪ್ಪ ಅವ್ವ ಸೊಂಟ ಬಗ್ಗಿಸಿ ಸಸಿ ಹಚ್ಚಿ ಕೊಡಿಸಿದ್ದನ್ನ ಎತ್ತಾಕ ಗಾಡಿ ತಂದೀಯೇನು? ಆ ಗಾಡಿ ಖಾಲಿ ಕಳಸಂಗಿಲ್ಲ ನಾನು. ಎರ್ರೆಪ್ಪ, ಕೂಲರ್ ಎತ್ತು."

"ಅತ್ತಿಗೆಮ್ಮ, ಇನ್ನೂ ಬೇಸಿಗಿ ಐತಿ. ಬೆಂದು ಹೋಗ್ತಿ."

"ಬೇಯ್ತೀನಿ. ಎತ್ತಂದ್ರ ಎತ್ತು."

ಎರ್ರೆಪ್ಪ ಎತ್ತಿದ. ತೊಟ್ಟಿಯ ನೀರು ಹೊಸ್ತಿಲ ಮೇಲೆಲ್ಲ ಚೆಲ್ಲಿತು. ಒಣಗಿದ ಮೇಲೆ ಅಲ್ಲೂ ಬಿಳಿ ಗೆರೆ ಕಟ್ಟಿತು. ನಾನು ಬೇಕೆಂದೇ ಒರೆಸಲಿಲ್ಲ, ಬಂದವರು ನೋಡಲಿ ಎಂದು.

ನಿಜವಾಗಿಯೂ ಬೆಂದೆವು. ಯಶೋಧರಾ ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಂಡು ಟೈಪು ಮಾಡಿದಳು. ಕಂಪ್ಯೂಟರ್ ದಿನಾ ಬೆಳಿಗ್ಗೆ ಮಾತಿಲ್ಲದೆ ಚಾಲೂ ಆಯಿತು. ಸುಂಕಪ್ಪ ಮಾತ್ರ ತಾನೇ ರಿಪೇರಿ ಮಾಡಿಕೊಟ್ಟೆ ಎಂದು ಹೇಳುತ್ತ ತಿರುಗುತ್ತಿದ್ದಾನಂತೆ. ನಾಚಿಕೆಗೆಟ್ಟವನು.

ಆ ವಾರ ದುರ್ಗೇಶ ಬಂದ. ಚಪ್ಪಲಿ ಬಿಡುವ ಮೊದಲೇ, "ಅವ್ವಾ, ಕೂಲರ್ ಎಲ್ಲೈತಿ?" ಎಂದ.

"ಲೇ, ಓಣಿಯೆಲ್ಲ ನಿನ್ನ ಹೆಂಡ್ತೀನ ಆಡಿಕೊಳ್ಳಾಕತ್ತಾಗ ನಿನ್ನ ಬಾಯಿಗೆ ಬೀಗ ಬಿದ್ದಿತ್ತು. ತಂಪು ಗಾಳಿ ಹೋತು ಅಂದಕೂಡ್ಲೆ ಬೀಗ ತೆಗೀತೇನು?"

ಒಳಗೆ ಕೀಲಿಗಳ ಜೋಳ ಹುರಿದಂಥ ಸದ್ದು ನಿಲ್ಲಲೇ ಇಲ್ಲ. ನನ್ನ ಕೈಯಲ್ಲಿದ್ದ ಬೀಸಣಿಗೆಯನ್ನು ಅವನ ಮುಂದೆ ಎಸೆದೆ.

"ಹೋಗು, ಅಕಿಗೆ ಬೀಸು."