ಮಗಳು ಕರೆದುಕೊಂಡು ಹೋದ ಮರೀನಾ

ಆ ಭಾನುವಾರ ಬೆಳಿಗ್ಗೆ ನಾವು ವೆಸ್ಟ್ ಮಾಂಬಲಂನ ಮನೆಗೆ ಬೀಗ ಹಾಕಿ ಹೊರಟಾಗ ಬೀದಿಯಲ್ಲಿ ಆಗಲೇ ಬಿಸಿಲು ಏರಿತ್ತು. ಅಲ್ಲಿಯವರು ಅಗ್ನಿ ನಕ್ಷತ್ರ ಎನ್ನುವ ಕಡು ಬೇಸಿಗೆಯ ದಿನಗಳು. ಬುದ್ಧಿ ಇದ್ದವರು ಯಾರೂ ಆ ದಿನಗಳಲ್ಲಿ ಮಕ್ಕಳನ್ನು ಕಟ್ಟಿಕೊಂಡು ಚೆನ್ನೈ ಸುತ್ತುವುದಿಲ್ಲ. ನನಗೆ ಬೇರೆ ದಾರಿ ಇರಲಿಲ್ಲ. ಪ್ರತಿ ಬೇಸಿಗೆಯಲ್ಲೂ ಮಕ್ಕಳನ್ನು ಹಾಸನಕ್ಕೆ, ನನ್ನ ತವರಿಗೆ ಕರೆದೊಯ್ಯುತ್ತಿದ್ದೆ. ಆ ವರ್ಷ ಪೋರೂರಿನ ನಮ್ಮ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ವಿಭಾಗಕ್ಕೆ ನಾನೊಬ್ಬಳೇ ಉಳಿದಿದ್ದರಿಂದ ರಜೆ ಸಿಗಲಿಲ್ಲ. ಯಜಮಾನರು ಕೆಲಸದ ಮೇಲೆ ವಿಶಾಖಪಟ್ಟಣದಲ್ಲಿದ್ದರು. ವಾರವೆಲ್ಲ ಮಕ್ಕಳು ಕೆಳಗಿನ ಮನೆಯ ತಮಿಳು ಪಾಟಿಯ, ಅಂದರೆ ಅಜ್ಜಿಯ, ಹತ್ತಿರ ಇರುತ್ತಿದ್ದರು. ನಾನು ಸಂಜೆ ಬರುವ ಹೊತ್ತಿಗೆ ಇಬ್ಬರ ಮುಖವೂ ಬಾಡಿರುತ್ತಿತ್ತು.

ಕೊನೆಗೆ ಒಂದು ಒಪ್ಪಂದವಾಯಿತು. ಭಾನುವಾರಗಳು ಅವರವು. ಎಲ್ಲಿಗೆ, ಹೇಗೆ, ಏನು ತಿನ್ನುವುದು, ಎಲ್ಲವನ್ನೂ ಅವರೇ ತೀರ್ಮಾನಿಸಬೇಕು. ನಾನು ಹಿಂದೆ ಹಿಂದೆ ಬರುವವಳು. ಮೊದಲ ಭಾನುವಾರಕ್ಕೆ ಹನ್ನೊಂದು ವರ್ಷದ ಅನಘಾ ಮರೀನಾ ಬೀಚನ್ನು ಆರಿಸಿದಳು. ಅದೂ ಆಟೋದಲ್ಲಲ್ಲ, ರೈಲಿನಲ್ಲಿ. ಪಾಟಿಯನ್ನು ಕೇಳಿ ದಾರಿ ತಿಳಿದುಕೊಂಡಿದ್ದಳು. ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದು, ರಸ್ತೆ ದಾಟಿ, ಕಂಬಗಳ ಮೇಲೆ ಹೋಗುವ ಹೊಸ ರೈಲು ಹತ್ತಿ, ತಿರುವಲ್ಲಿಕೇಣಿಯಲ್ಲಿ ಇಳಿಯುವುದು. ಊಟವೂ ಅಲ್ಲೇ, ಎಲ್ಲರೂ ತ್ರಿಪ್ಲಿಕೇನ್ ಎನ್ನುವ ಆ ಬಡಾವಣೆಯಲ್ಲಿ.

“ನೀನು ನಡುವೆ ಮಾತಾಡಕೂಡದು, ಓಕೆವಾ?” ಎಂದಳು.

“ಆಯ್ತಮ್ಮ,” ಎಂದೆ.

ಮಾಂಬಲಂ ಸ್ಟೇಷನ್ನಿನಲ್ಲಿ ಟಿಕೆಟ್ ಅವಳೇ ಕೊಂಡಳು, ಒಂದು ಫುಲ್, ಎರಡು ಹಾಫ್. ಕಿಟಕಿಯ ಎತ್ತರಕ್ಕೆ ತುದಿಗಾಲಲ್ಲಿ ನಿಂತು ತಮಿಳಿನಲ್ಲಿ ಕೇಳುತ್ತಿದ್ದವಳನ್ನು ನೋಡಿ ನನಗೆ ನಗು ಬಂತು. ಹೆಂಗಸರ ಡಬ್ಬಿಯಲ್ಲಿ ಆರು ವರ್ಷದ ಪ್ರಣವನಿಗೆ ಕಿಟಕಿ ಪಕ್ಕ ಜಾಗ ಸಿಕ್ಕಿತು. ಕೋಡಂಬಾಕಂ, ನುಂಗಂಬಾಕಂ, ಚೇತ್‌ಪೇಟ್, ಎಗ್ಮೋರ್. ಒಂದೊಂದು ಹೆಸರನ್ನೂ ಅವನು ಗಟ್ಟಿಯಾಗಿ ಓದಿದ.

ಪಾರ್ಕ್ ಬಂದಾಗ ಅನಘಾ ತಮ್ಮನ ಕೈ ಹಿಡಿದು ಮೊದಲು ಇಳಿದಳು. ನೀರು, ಟವೆಲ್, ಬಟ್ಟೆಯ ಚೀಲ ಹೊತ್ತು ನಾನು ಹಿಂದಿದ್ದೆ. ಅಷ್ಟರಲ್ಲಿ ಯಾವುದೋ ಮದುವೆಗೆ ಹೊರಟಿದ್ದ ಹೆಂಗಸರ ದೊಡ್ಡ ಗುಂಪು ಪಾತ್ರೆ, ಬುಟ್ಟಿ, ಹೂವಿನ ಕಟ್ಟುಗಳ ಸಮೇತ ಒಂದೇ ಸಲಕ್ಕೆ ಒಳಗೆ ನುಗ್ಗಿತು. ನಾನು ಬಾಗಿಲು ತಲುಪುವ ಮೊದಲೇ ರೈಲು ಹೊರಟಿತು. ಧುಮುಕಲು ಹೋದವಳನ್ನು ಒಬ್ಬ ಹೆಂಗಸು ಸೆರಗು ಹಿಡಿದು ಹಿಂದಕ್ಕೆ ಎಳೆದಳು. “ಗುದಿಕ್ಕಾದೀಂಗಮ್ಮ,” ಎಂದಳು. ಜಿಗಿಯಬೇಡ ಎಂದು.

ಪ್ಲಾಟ್‌ಫಾರಂ ಮೇಲೆ ನನ್ನ ಇಬ್ಬರು ಮಕ್ಕಳು ಹಿಂದೆ ಹಿಂದೆ ಸರಿಯುತ್ತಿದ್ದರು. ಪ್ರಣವ ಬಾಯಿ ತೆರೆದು ನಿಂತಿದ್ದ. ಅನಘಾ ಓಡಲಿಲ್ಲ, ಕೂಗಲೂ ಇಲ್ಲ. ಒಂದು ಕೈ ಎತ್ತಿ ಅಂಗೈ ತೋರಿಸಿದಳು, ಆಮೇಲೆ ಬೆರಳಿನಿಂದ ತನ್ನ ಕಾಲ ಬುಡವನ್ನು ತೋರಿಸಿದಳು. ಇಲ್ಲೇ ಇರ್ತೀವಿ ಎಂದು.

ಮುಂದಿನ ನಿಲ್ದಾಣ ಫೋರ್ಟ್. ಭಾನುವಾರವಾದ್ದರಿಂದ ಅಲ್ಲಿ ಜನವೇ ಇರಲಿಲ್ಲ. ಕೈಯಲ್ಲಿ ಫೋನಿಲ್ಲದ ಕಾಲ ಅದು. ಇದ್ದಿದ್ದರೂ ಮಕ್ಕಳ ಹತ್ತಿರ ಎಲ್ಲಿಂದ ಬರಬೇಕು? ಹಿಂದಿರುಗುವ ರೈಲು ಆ ಮಾರ್ಗದ ಕೊನೆಯ ಬೀಚ್ ಸ್ಟೇಷನ್ನಿನಿಂದ ಬರಬೇಕಿತ್ತು. ಬಿಸಿಲಿನಲ್ಲಿ ನಿಂತು ಹಳಿಯನ್ನೇ ನೋಡಿದೆ. ಸೆಂಟ್ರಲ್‌ನ ಎದುರಿಗಿರುವ ಪಾರ್ಕ್ ಸ್ಟೇಷನ್ನಿಗೆ ದೇಶದ ಎಲ್ಲ ಕಡೆಯ ಜನ ಬಂದು ಹೋಗುತ್ತಾರೆ. ಆ ಗುಂಪಿನಲ್ಲಿ ನನ್ನ ಮಕ್ಕಳು. ಒಪ್ಪಂದ ಮಾಡಿಕೊಂಡ ನನಗೆ ಮೊದಲು ಬುದ್ಧಿ ಇರಬೇಕಿತ್ತು ಎನ್ನಿಸಿತು. ಗಂಟಲು ಒಣಗಿತ್ತು, ಆದರೆ ಚೀಲದಲ್ಲಿದ್ದ ನೀರನ್ನು ಕುಡಿಯಲು ಮನಸ್ಸು ಬರಲಿಲ್ಲ. ಅದು ಅವರ ನೀರು.

ರೈಲು ಬಂತು. ಪಾರ್ಕಿನಲ್ಲಿ ಅದು ಎದುರಿನ ಪ್ಲಾಟ್‌ಫಾರಂನಲ್ಲಿ ನಿಂತಿತು. ಇಳಿದು, ರೈಲು ಸರಿದ ಮೇಲೆ ಹಳಿಯಾಚೆ ನೋಡಿದರೆ, ಬಿಟ್ಟ ಜಾಗದಲ್ಲೇ ಇಬ್ಬರೂ ನಿಂತಿದ್ದರು. ಪಕ್ಕದಲ್ಲಿ ಒಬ್ಬ ಮಹಿಳಾ ಪೊಲೀಸ್. ಪ್ರಣವ ನನ್ನನ್ನು ಕಂಡು ಹಳಿಯ ಕಡೆಗೇ ಬಗ್ಗಿದ. ಅನಘಾ ಅವನನ್ನು ಎರಡೂ ಕೈಗಳಿಂದ ಹಿಡಿದು ನಿಲ್ಲಿಸಿದಳು. ನಾನು ಸೇತುವೆಯ ಮೆಟ್ಟಿಲು ಹೇಗೆ ಹತ್ತಿ ಇಳಿದೆನೋ ತಿಳಿಯದು.

“ಉಂಗ ಪೊಣ್ಣು ಎನ್ನ ನಗರವೇ ವಿಡಲ,” ಎಂದಳು ಪೊಲೀಸಮ್ಮ. ನಿಮ್ಮ ಹುಡುಗಿ ನನ್ನನ್ನು ಅಲುಗಾಡಲೂ ಬಿಡಲಿಲ್ಲ ಎಂದು ಅವಳ ದೂರು. ಮಕ್ಕಳಿಬ್ಬರೇ ನಿಂತಿದ್ದು ಕಂಡು ಆಫೀಸಿಗೆ ಕರೆದಳಂತೆ. ನಾವು ಬಂದರೆ ಅಮ್ಮನಿಗೆ ಕಾಣುವುದಿಲ್ಲ, ಬೇಕಾದರೆ ನೀವೇ ಇಲ್ಲಿ ನಿಲ್ಲಿ ಎಂದಳಂತೆ ನನ್ನ ಮಗಳು. ಹೇಳುತ್ತಾ ಹೇಳುತ್ತಾ ಆಕೆ ನಕ್ಕು ಅನಘಾಳ ಕೆನ್ನೆ ತಟ್ಟಿ ಹೋದಳು.

“ನಾನು ಅಳ್ಲಿಲ್ಲ ಮಾ,” ಎಂದ ಪ್ರಣವ. ಕೆನ್ನೆಯ ಮೇಲೆ ಕಣ್ಣೀರಿನ ಗೆರೆ ಇನ್ನೂ ಇತ್ತು.

“ಸಾಕು, ಮನೆಗೆ ಹೋಗೋಣ,” ಎಂದೆ.

“ಎದುಕ್ಕು?” ಎಂದಳು ಅನಘಾ, ಯಾಕೆ ಎಂದು. ಆಮೇಲೆ ನನ್ನ ಮುಖ ನೋಡಿ ಕನ್ನಡಕ್ಕೆ ತಿರುಗಿದಳು. “ನಾವು ಸಮುದ್ರ ನೋಡೋಕೆ ಬಂದ್ವಿ ಅಲ್ವಾ. ಸಮುದ್ರ ಇನ್ನೂ ನೋಡೇ ಇಲ್ವೇ.”

ನಾನು ನೀರು ಕುಡಿದೆ. ಮೂವರೂ ರಸ್ತೆ ದಾಟಿ ಪಾರ್ಕ್ ಟೌನ್ ಸ್ಟೇಷನ್ನಿಗೆ ನಡೆದೆವು.

ಮೇಲಿನ ರೈಲು ಖಾಲಿಯಾಗಿತ್ತು. ಕಿಟಕಿಯ ಮಟ್ಟಕ್ಕೆ ತಾರಸಿಗಳು, ಒಣಹಾಕಿದ ಸೀರೆಗಳು, ನೀರಿನ ಟ್ಯಾಂಕುಗಳು. ಕೊಳಕು ನಾರುವ ಕೂವಂ ನದಿ ದಾಟುವಾಗ ಮೂವರೂ ಮೂಗು ಮುಚ್ಚಿಕೊಂಡೆವು. ತಿರುವಲ್ಲಿಕೇಣಿಯಲ್ಲಿ ಇಳಿದು ನಡೆದರೆ ಅಗಲವಾದ ಮರಳು, ಅದರಾಚೆ ಕಣ್ಣು ಕುಕ್ಕುವ ನೀರು. ಮರಳು ಕಾದಿತ್ತು. ಚಪ್ಪಲಿ ಕೈಯಲ್ಲಿ ಹಿಡಿದಿದ್ದ ಪ್ರಣವ ಕುಣಿಯುತ್ತ ಓಡಿದ. ಮಕ್ಕಳು ಮೊಣಕಾಲುದ್ದ ನೀರಿನಲ್ಲಿ ಆಡುವಾಗ ನಾನೂ ಸೀರೆ ಎತ್ತಿ ಕಟ್ಟಿ ಅವರ ಪಕ್ಕದಲ್ಲೇ ನಿಂತೆ. ಎಷ್ಟು ಹೊತ್ತೋ ಯಾರೂ ಮನೆಯ ಸುದ್ದಿ ಎತ್ತಲಿಲ್ಲ.

ಊಟಕ್ಕೆ ಅನಘಾ ಹುಡುಕಿದ್ದು ತ್ರಿಪ್ಲಿಕೇನ್‌ನ ಒಂದು ಸಣ್ಣ ಹೋಟೆಲು. ಕನ್ನಡದವರದ್ದು ಎಂದು ಪಾಟಿ ಹೇಳಿದ್ದರಂತೆ. ಗಲ್ಲಾದಲ್ಲಿದ್ದವರು ಕುಂದಾಪುರದ ಕಡೆಯವರು, ಅರವತ್ತು ದಾಟಿದವರು. ನಮ್ಮ ಮಾತು ಕಿವಿಗೆ ಬಿದ್ದದ್ದೇ ಎದ್ದು ಮೇಜಿನ ಹತ್ತಿರ ಬಂದರು. ಅನ್ನ, ಸಾರು, ಸೌತೆಕಾಯಿ ಹುಳಿ, ಮಜ್ಜಿಗೆ ಬಂತು. ಪ್ರಣವ ತಡೆಯಲಾರದೆ ರೈಲಿನ ಕಥೆಯನ್ನು ತಮಿಳಿನಲ್ಲಿ ಶುರು ಮಾಡಿದ. ಅರ್ಧದಲ್ಲಿ ಅಕ್ಕ ಕೈಗೆತ್ತಿಕೊಂಡಳು. ಅದೂ ಕನ್ನಡದಲ್ಲಿ. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಹೆಚ್ಚಾಗಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುವ ಹುಡುಗಿ ಅವಳು.

“ಅಮ್ಮ ಟ್ರೈನಲ್ಲಿ ಮಾಟ್ಟಿಕೊಂಡ್ಬಿಟ್ಟಳು ಅಂಕಲ್. ಅಮ್ಮ ತಿರುಗಿ ಬರೋವರೆಗೆ ನಾವು ವೇಟ್ ಮಾಡಿದ್ವಿ,” ಎಂದಳು. ಸಿಕ್ಕಿಹಾಕಿಕೊಂಡಳು ಎನ್ನಲು ಕನ್ನಡ ಪದ ಸಿಗದೆ ತಮಿಳಿನದನ್ನೇ ಸೇರಿಸಿದ್ದಳು.

ಅವರು ನಕ್ಕರು. “ಹೆದ್ರಿಕಿ ಆಯ್ಲಿಲ್ಯಾ ನಿಂಗೆ?”

ಅನಘಾ ತಮ್ಮನ ಕಡೆ ನೋಡಿದಳು. ಅವನು ಹಪ್ಪಳದಲ್ಲಿ ಮುಳುಗಿದ್ದ. ದನಿ ತಗ್ಗಿಸಿ ಹೇಳಿದಳು: “ಆಯ್ತು. ತುಂಬಾ ಆಯ್ತು. ಆದ್ರೆ ನಾನು ಅತ್ರೆ ಇವನೂ ಜಾಸ್ತಿ ಅಳ್ತಿದ್ದ. ಆಮೇಲೆ ಓಡ್ತಿದ್ದ. ಅದಕ್ಕೇ ಅಳ್ಲಿಲ್ಲ.”

ಹೋಟೆಲಿನವರು ಒಳಗೆ ಹೋಗಿ ಒಂದು ಬಟ್ಟಲು ಪಾಯಸ ತಂದು ಅವಳ ಎಲೆಯ ಪಕ್ಕ ಇಟ್ಟರು. ನಾನು ತಲೆ ಬಗ್ಗಿಸಿ ಅನ್ನ ಕಲಸುತ್ತ ಕೂತೆ.

ಬಿಸಿಲಿಳಿದ ಮೇಲೆ ಅದೇ ದಾರಿಯಲ್ಲಿ ಹಿಂದಿರುಗಿದೆವು. ಪಾರ್ಕಿನಿಂದ ಹತ್ತಿದ ರೈಲಿನಲ್ಲಿ ಜಾಗವಿರಲಿಲ್ಲ, ನಿಂತೇ ಬಂದೆವು. ಕೋಡಂಬಾಕಂ ದಾಟುತ್ತಿದ್ದಂತೆ ಅನಘಾ ನಮ್ಮಿಬ್ಬರನ್ನೂ ಬಾಗಿಲ ಹತ್ತಿರ ತಂದು ನಿಲ್ಲಿಸಿದಳು. ಅರ್ಧ ಖಾಲಿಯಾಗಿದ್ದ ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು.

“ಮೊದ್ಲು ನೀನು ಇಳಿ ಮಾ. ಆಮೇಲೆ ಇವನು. ಕೊನೆಗೆ ನಾನು.”

ಮಾಂಬಲಂ ಬಂತು. ನಾನು ಇಳಿದು, ತಿರುಗಿ, ಎರಡೂ ಕೈ ಚಾಚಿ ನಿಂತೆ.