ಸುಮಿತ್ರತ್ತಿಗೆಯ ಜೀಪು ಮತ್ತು ಬಿಸಿ ಆಯಿಲ್

ಮೊನ್ನೆ ಕೊಪ್ಪದ ಗ್ಯಾರೇಜಿನಲ್ಲಿ ನನ್ನ ಸ್ಕೂಟರಿನ ಆಯಿಲ್ ಬದಲಿಸುತ್ತಿದ್ದರು. ಹಳೆಯದು ಬಿಸಿ ಕಷಾಯದ ಹಾಗೆ ಸರ್ರನೆ ಡಬ್ಬಿಗೆ ಇಳಿಯಿತು. ಆ ಸುಟ್ಟ ವಾಸನೆಗೆ ನನ್ನ ಅಣ್ಣನ ಹೆಂಡತಿ ಸುಮಿತ್ರತ್ತಿಗೆ ನೆನಪಾದರು.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿದ್ದಿರಬೇಕು. ಅಣ್ಣನಿಗೆ ಸ್ಟೀರಿಂಗ್ ಹಿಡಿದರೆ ಅಂಗೈ ಬೆವರುತ್ತಿತ್ತು. ಹಾಗಾಗಿ ಮನೆಯ ಹಳೇ ಡೀಸೆಲ್ ಜೀಪನ್ನು ಕೊಪ್ಪದ ಬಳಿಯ ಜಯಪುರದಿಂದ ಬಾಡಿಗೆಗೆ ಓಡಿಸುತ್ತಿದ್ದುದು ಅತ್ತಿಗೆಯೇ. ಅಪ್ಪಯ್ಯ ಬೇಡ ಎನ್ನಲಿಲ್ಲ. ಆದರೆ ಒಂದೇ ಒಂದು ಸಲ ದಾರಿ ಮಧ್ಯೆ ಜನರನ್ನು ಇಳಿಸಿದರೂ ಜೀಪು ಮಾರುವುದೇ ಸೈ ಎಂದಿದ್ದರು.

ಚಳಿಗಾಲದ ಬೆಳಿಗ್ಗೆ ಅತ್ತಿಗೆ ಸ್ಟಾರ್ಟ್ ಮಾಡಿ, ಆಕ್ಸಿಲರೇಟರ್ ಮುಟ್ಟದೆ ಸುಮ್ಮನೆ ಕೂತಿರುತ್ತಿದ್ದರು. ಚಳಿಗೆ ಆಯಿಲ್ ಜೋನಿಬೆಲ್ಲದಂತೆ ಮಂದ, ಎಂಜಿನ್ನಿನ ಮೂಲೆ ಮೂಲೆಗೂ ಹರಿಯಲು ಅದಕ್ಕೆ ಹೊತ್ತು ಬೇಕು. ಬಿಸಿಯೇರಿದ ಹಾಗೆ ತೆಳುವಾಗುತ್ತದೆ, ತೀರಾ ತೆಳುವಾದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ ಎಂದು ವಿವರಿಸುತ್ತಿದ್ದರು. ಪಾಕದ ಹದವನ್ನೇ ಇನ್ನೂ ಸರಿಯಾಗಿ ಹಿಡಿಯಲಾರದ ನಾನು ಹೂಂಗುಟ್ಟುತ್ತಿದ್ದೆ.

ಒಂದು ಬೇಸಿಗೆ, ದೊಡ್ಡಪ್ಪನ ಮಗನ ನಿಶ್ಚಿತಾರ್ಥಕ್ಕೆ ಶೃಂಗೇರಿಗೆ ಹೊರಟೆವು. ಜೀಪಿನ ತುಂಬ ಜನ, ಹಣ್ಣಿನ ಬುಟ್ಟಿ, ಹೂವು. ಮುಂದಿನ ಸೀಟಿನಲ್ಲಿ ಅಪ್ಪಯ್ಯ. ಉರಿಬಿಸಿಲಿನ ಏರಿನಲ್ಲಿ, ತಿರುವಿಗೆ ನಿಧಾನ ಮಾಡಿದಾಗ ಡ್ಯಾಶ್‌ಬೋರ್ಡಿನಲ್ಲಿ ಆಯಿಲಿನ ಕೆಂಪು ದೀಪ ಮಿಣುಕಿತು. ಅತ್ತಿಗೆ ಒಮ್ಮೆ ಅಪ್ಪಯ್ಯನ ಮುಖ ನೋಡಿದರು. ಆಮೇಲೆ ಜೀಪನ್ನು ಬದಿಗೆ ಹಾಕಿ ಎಂಜಿನ್ ಆರಿಸಿದರು.

"ಎಲ್ಲರೂ ಇಳೀರಿ. ಆಯಿಲ್ ನೀರಾಗಿದೆ, ತಣಿಯದೆ ಓಡಿಸೂದಿಲ್ಲ."

ಹುಡುಗನ ಸೋದರಮಾವನಿಗೆ ರೇಗಿತು. "ಹೆಂಗಸರ ಕೈಲಿ ಗಾಡಿ ಕೊಟ್ರೆ ಇದೇ ಕತೆ. ಹೊತ್ತು ಮೀರ್ತದೆ, ಹೊಡಿ ಅತ್ಲಾಗೆ."

ಅತ್ತಿಗೆ ಬಾನೆಟ್ ಎತ್ತಿದರು. ಸ್ವಲ್ಪ ಹೊತ್ತು ಬಿಟ್ಟು ಆಯಿಲ್ ಕಡ್ಡಿ ಎಳೆದು ನೋಡಿದರು. ಮಟ್ಟ ಸರಿಯಿತ್ತು, ಕಾವೇ ಜಾಸ್ತಿಯಾದದ್ದು. ಎಂಜಿನ್ ತಣಿದ ಮೇಲೂ ಯಾರನ್ನೂ ಹತ್ತಿಸಿಕೊಳ್ಳದೆ ಖಾಲಿ ಜೀಪನ್ನು ಏರು ದಾಟಿಸಿದರು. ನಾವು ರೇಷ್ಮೆ ಸೀರೆ ಎತ್ತಿಕಟ್ಟಿ ಹಿಂದೆ ನಡೆದೆವು. ಅಪ್ಪಯ್ಯ ಬುಟ್ಟಿಯೊಂದನ್ನು ಹೆಗಲಿಗೇರಿಸಿ ನಮ್ಮೊಂದಿಗೆ ಏರು ಹತ್ತಿದರು.

ಹೆಣ್ಣಿನ ಮನೆಯವರು ತಡವಾದದ್ದೇಕೆಂದು ಕೇಳಿದರು. ಸೋದರಮಾವ ಬಾಯಿ ತೆರೆಯುವಷ್ಟರಲ್ಲಿ ಅಪ್ಪಯ್ಯ ಚೊಂಬಿನ ನೀರು ಕಾಲಿಗೆ ಹಾಕಿಕೊಳ್ಳುತ್ತ ಹೇಳಿದರು: "ನಮ್ಮ ಡ್ರೈವರ್ ಇಳೀರಿ ಅಂದ್ರು. ಇಳಿದ್ವಿ."

ಸೊಸೆಯನ್ನು ಅವರು ಬಹುವಚನದಲ್ಲಿ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಜೀಪು ಮಾರುವ ಮಾತು ಮತ್ತೆ ಬರಲಿಲ್ಲ.

ಅತ್ತಿಗೆಗೆ ಅಂದು ಆಯಿಲಿನ ಚಿಂತೆ ಬಿಟ್ಟರೆ ಬೇರೆ ಯಾವ ಭಯವೂ ಇರಲಿಲ್ಲವೆಂದೇ ಇಷ್ಟು ವರ್ಷ ನಾನು ತಿಳಿದದ್ದು. ಮೊನ್ನೆ ಗ್ಯಾರೇಜಿನಿಂದ ಬಂದು ಫೋನ್ ಮಾಡಿ, ಅಪ್ಪಯ್ಯ ಪಕ್ಕದಲ್ಲೇ ಇದ್ದರಲ್ಲ, ಹೆದರಿಕೆ ಆಗಲಿಲ್ಲವೇ ಎಂದು ಕೇಳಿದೆ.

"ಆಗ್ದೆ ಎಂತ ಮಾರಾಯ್ತಿ. ಜೀಪು ಮಾರಿ ಹೋಯ್ತು ಅಂತ್ಲೇ ಇಳಿದದ್ದು ನಾನು," ಎಂದರು. "ಹೋಗೂದಾದ್ರೆ ಓಡೋ ಜೀಪೇ ಹೋಗ್ಲಿ, ತಗೊಂಡವ್ರಿಗಾದ್ರೂ ಆಗ್ಲಿ ಅನ್ನಿಸ್ತು."