ತಣ್ಣೀರು ಸ್ನಾನದ ಪತ್ರಗಳು

ಚಿಂತೆ ಮಾಡಲು ನನಗೆ ಕಾರಣ ಬೇಕಾಗುವುದಿಲ್ಲ. ಇಂಡಿ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು, ಮನೆಯ ಬೀಗವನ್ನು ಮೂರು ಸಲ ಜಗ್ಗಿ ನೋಡಿ, ಬಸ್ ಸ್ಟ್ಯಾಂಡ್ ತನಕ ಹೋಗಿ, ನಾಲ್ಕನೆಯ ಸಲ ಜಗ್ಗಲು ವಾಪಸ್ ಬರುವವರ ಪೈಕಿ. ಆದರೆ ಕಳೆದ ತಿಂಗಳು ನನಗೆ ಹೇಳಿಕೊಳ್ಳುವಂಥ ಕಾರಣವೇ ಸಿಕ್ಕಿತು. ಹೆಂಡತಿಯ ಅಣ್ಣ ಫೋನ್ ಮಾಡಿದ.

ಅವನು ಬರೀ ಹೆಂಡತಿಯ ಅಣ್ಣನಲ್ಲ; ಸಿಂದಗಿಯಲ್ಲಿ ಕಾಲೇಜು ಕಲಿಯುವಾಗ ಮೂರು ವರ್ಷ ನನ್ನ ಜೊತೆ ಒಂದೇ ಬಾಡಿಗೆ ರೂಮಿನಲ್ಲಿ ಇದ್ದವನು. ಈಗ ಝಳಕಿಯಲ್ಲಿ ಹೆದ್ದಾರಿ ಬದಿಗೆ ಟೈರ್ ಅಂಗಡಿ ಇಟ್ಟಿದ್ದಾನೆ. ಲಾರಿಗಳ ಸದ್ದಿನಲ್ಲಿ ಮಾತಾಡಿ ರೂಢಿಯಾಗಿ, ಫೋನಿನಲ್ಲೂ ರಸ್ತೆಯ ಆಚೆ ದಂಡೆಯವನನ್ನು ಕರೆದ ಹಾಗೆ ಒದರುತ್ತಾನೆ.

“ಲೇ ಮಾಸ್ತರ, ಹಳೇ ವಿದ್ಯಾರ್ಥಿಗಳೆಲ್ಲಾ ಕೂಡೂದೈತಿ. ಈ ಸಲ ಬರೇ ಊಟ, ಭಾಷಣ ಅಲ್ಲ. ಕಾಲೇಜಿನ್ಯಾಗ ಇದ್ದಾಗ ಮನಿಗೆ ಬರದ ಪತ್ರ ಇರ್ತಾವಲ್ಲ, ಎಲ್ಲಾರೂ ಹುಡಿಕ್ಕೊಂಡು ತರಬೇಕು. ಹಗ್ಗ ಕಟ್ಟಿ ಅರಿವಿ ಒಣಗ ಹಾಕಿದಂಗ ಹಾಕಿಬಿಡೂದು. ಮಂದಿ ನಿಂತು ಓದಬೇಕು ನೋಡು!”

“ಆಗಿನ ಪತ್ರ ಈಗ ಯಾರ ಹತ್ರ ಇರ್ತಾವ ಬಿಡೋ,” ಎಂದೆ.

“ನಮ್ಮಪ್ಪನ ಹತ್ರ ಅದಾವ. ಒಂದೂ ಒಗದಿಲ್ಲ. ಎಲ್ಲಾ ತಂತಿಗೆ ಚುಚ್ಚಿ ಇಟ್ಟಾನ. ಐತವಾರ ದೇವಣಗಾಂವಕ್ಕ ಬರ್ರಿ ಇಬ್ರೂ. ತಗಿಯೋಣು.”

ಫೋನ್ ಇಟ್ಟೆ. ಅವನ ಹೆಸರಿನಲ್ಲಿ ಅವನ ಅಪ್ಪನಿಗೆ ಹೋದ ಆ ಪತ್ರಗಳಲ್ಲಿ ಒಂದನ್ನೂ ಅವನು ಬರೆದಿರಲಿಲ್ಲ. ಎಲ್ಲವನ್ನೂ ಬರೆದವನು ನಾನು. ಅದೂ ಹೋಗಲಿ; ಆ ಪತ್ರಗಳ ತುಂಬ ನಾನು ಹೊಗಳಿದ್ದು ನನ್ನನ್ನೇ.

ಇದು ಹೇಗಾಯಿತೆಂದು ಮೊದಲಿನಿಂದ ಹೇಳಬೇಕು. ನನ್ನೂರು ಗೊಳಸಂಗಿ. ಬಸವನ ಬಾಗೇವಾಡಿಯಲ್ಲಿ ಕಲಿಯಬಹುದಿತ್ತು, ಮುದ್ದೇಬಿಹಾಳದಲ್ಲೂ ಆಗುತ್ತಿತ್ತು. ಆದರೆ ಅಷ್ಟು ಹತ್ತಿರವಿದ್ದರೆ ಸಂತೆಗೆ ಬಂದ ಅಪ್ಪ ಹಾಗೇ ನನ್ನ ಕ್ಲಾಸಿಗೂ ಇಣುಕಿಯಾನು ಎಂಬ ಹೆದರಿಕೆಯಿಂದ ಸಿಂದಗಿಗೆ ಓಡಿದೆ. ಅಷ್ಟು ದೂರಕ್ಕೆ ಗೊಳಸಂಗಿಯಿಂದ ಬುತ್ತಿ ಬರುವುದು ಸಾಧ್ಯವಿರಲಿಲ್ಲ. ನನ್ನ ರೂಮಿನವನಿಗೆ ಮಾತ್ರ ದೇವಣಗಾಂವದಿಂದ ದಿನಾ ಮುಂಜಾನೆಯ ಬಸ್ಸಿಗೆ ಬರುತ್ತಿತ್ತು. ಆಗ ನಮ್ಮ ಕಡೆ ಕಾಲೇಜು ಹುಡುಗರ ಹೊಟ್ಟೆ ನಡೆಯುತ್ತಿದ್ದುದೇ ಹಾಗೆ. ಹಳ್ಳಿಯಲ್ಲಿ ತಾಯಂದಿರು ರೊಟ್ಟಿ, ಪಲ್ಯ ಡಬ್ಬಿಗೆ ತುಂಬಿ ಬಸ್ಸಿನಲ್ಲಿಟ್ಟರೆ ಸಿಂದಗಿಯ ಸ್ಟ್ಯಾಂಡಿನಲ್ಲಿ ಮಕ್ಕಳು ಇಳಿಸಿಕೊಳ್ಳಬೇಕು. ಸಂಜೆಯ ಬಸ್ಸಿಗೆ ಖಾಲಿ ಡಬ್ಬಿ ವಾಪಸ್. ಊರಿಗೆ ಬರೆದ ಪತ್ರವೂ ಅದರೊಳಗೇ. ಡ್ರೈವರನ ಪಕ್ಕ, ಇಂಜಿನ್ನಿನ ಬಾನೆಟ್ಟಿನ ಮೇಲೆ ಡಬ್ಬಿಗಳು ಸಾಲಾಗಿ ಕೂತು, ಟಿಕೆಟ್ಟಿಲ್ಲದೆ ಊರು ಸೇರುತ್ತಿದ್ದವು.

ದೇವಣಗಾಂವದ ಆ ಡಬ್ಬಿಯಲ್ಲಿ ಅರ್ಧ ರೊಟ್ಟಿ ನನ್ನ ಹೊಟ್ಟೆಗೆ ಹೋಗುತ್ತಿತ್ತು. ಅದರ ಮುಲಾಜಿಗೆ ಡಬ್ಬಿ ತೊಳೆಯುವ ಕೆಲಸ ನನ್ನದಾಯಿತು. ಮುಲಾಜು ಎನ್ನುವುದು ಮರ್ಯಾದೆಯ ಮಾತು. ನಿಜವಾಗಿ ಅದು ಹೆದರಿಕೆ. ತೊಳೆಯದೆ ಕಳಿಸಿದರೆ ಎಣ್ಣೆಗಾಯಿಯ ವಾಸನೆಗೆ ಇರುವೆ ಹತ್ತಿ, ಆ ಇರುವೆ ಡ್ರೈವರನ ಕಾಲು ಕಚ್ಚಿ, ಬಸ್ಸು ಯಾರದೋ ತೊಗರಿ ಹೊಲಕ್ಕೆ ಇಳಿದಂತೆ ನನ್ನ ಕಣ್ಣಿಗೆ ಕಟ್ಟುತ್ತಿತ್ತು. ಬಸ್ಸಿನ ಹಾರ್ನ್ ಕೇಳುವವರೆಗೂ ತಿಕ್ಕುತ್ತಿದ್ದೆ. ಆಮೇಲೆ ಪತ್ರ ಮಡಿಸಿ ಒಳಗೆ ತುರುಕಿ, ಮುಚ್ಚಳ ಬಿಗಿದು, ನೀರು ತೊಟ್ಟಿಕ್ಕುವ ಡಬ್ಬಿ ಹಿಡಿದು ಸ್ಟ್ಯಾಂಡಿಗೆ ಓಟ.

ಪತ್ರ ಬರೆಯುವುದೂ ನನ್ನ ಪಾಲಿಗೇ ಬಂದಿತ್ತು. ನನ್ನ ಅಕ್ಷರ ಚೆಂದ, ಶಾಯಿ ಪೆನ್ನೂ ಇತ್ತು. ಅವನಿಗೆ ಊರಿಗೆ ಹೇಳುವಂಥದ್ದು ಏನೂ ಇರುತ್ತಿರಲಿಲ್ಲ. ‘ತೀರ್ಥರೂಪ ತಂದೆಯವರಿಗೆ ಸಾಷ್ಟಾಂಗ ನಮಸ್ಕಾರಗಳು, ಉಭಯ ಕುಶಲೋಪರಿ’ ಎಂದು ಬರೆದು, ಮುಂದೇನು ಎಂದು ನಾನು ಕೇಳಿದರೆ ಅವನು ಗೋಡೆಯ ಕಡೆ ಹೊರಳಿ ಮಲಗಿರುತ್ತಿದ್ದ.

ಒಂದು ದಿನ ರೊಟ್ಟಿಯ ಮೇಲೆ ಅವನ ಅಪ್ಪನ ಚೀಟಿ ಬಂತು. ‘ನಿನ್ನ ಸಂಗಡ ಇರುವ ಹುಡುಗ ಎಂಥವನು? ವಿವರವಾಗಿ ಬರೆಯುವುದು.’

ನಾನು ತಿನ್ನುವ ರೊಟ್ಟಿಯ ಲೆಕ್ಕ ಸಿಕ್ಕಿತೋ ಏನೋ!

“ನೀನ ಬರಿ,” ಎಂದ ಅವನು. “ನಿನ್ನ ಸುದ್ದಿ ನಿನಗ ಚೊಲೊ ಗೊತ್ತಿರ್ತೈತಿ. ನಡುವ ನಾ ಯಾಕ?”

ಬರೆದೆ. ‘ನನ್ನ ಗೆಳೆಯ ಬಹಳ ಸಭ್ಯ. ನಸುಕಿನ ಐದಕ್ಕೆ ಏಳುತ್ತಾನೆ. ತಣ್ಣೀರು ಸ್ನಾನ ಮಾಡುತ್ತಾನೆ. ಊಟದಲ್ಲಿ ಮಿತ.’ ಕೊನೆಯದು ರೊಟ್ಟಿಗಾಗಿ ಹಾಕಿದ್ದು. ಮರುದಿನ ಉತ್ತರ ಬಂತು. ‘ಪತ್ರ ತಲುಪಿತು. ವಿಷಯ ತಿಳಿಯಿತು. ಸಂತೋಷ.’

ಸಂತೋಷ! ನನಗೆ ಹುರುಪು ಬಂತು. ಮುಂದಿನ ವಾರ ನಾಲ್ಕಕ್ಕೇ ಎದ್ದೆ, ಅಂದರೆ ಪತ್ರದಲ್ಲಿ. ಅದರ ಮುಂದಿನ ವಾರ ‘ಇವನ ಸಹವಾಸದಿಂದ ನಾನೂ ಸುಧಾರಿಸುತ್ತಿದ್ದೇನೆ’ ಎಂದು ಬರೆದೆ. ಎರಡನೆಯ ವರ್ಷದ ಹೊತ್ತಿಗೆ ವಾರಕ್ಕೊಂದು ದಿನ ಮೌನ ವ್ರತ ಹಿಡಿದಿದ್ದೆ. ಪ್ರತಿ ಸಲವೂ ಅದೇ ಉತ್ತರ: ‘ವಿಷಯ ತಿಳಿಯಿತು. ಸಂತೋಷ.’ ಅಷ್ಟು ಒಳ್ಳೆಯ ಹುಡುಗನನ್ನು ನಾನು ಇವತ್ತಿನ ತನಕ ನೋಡಿಲ್ಲ.

ಡಿಗ್ರಿ ಮುಗಿದು, ನನಗೆ ನೌಕರಿ ಸಿಕ್ಕ ಮೇಲೆ ದೇವಣಗಾಂವದಿಂದ ಹೆಣ್ಣು ಕೊಡುವ ಮಾತು ಬಂತು. ಯಾಕೆ ಬಂತೆಂದು ನಾನು ಯಾರನ್ನೂ ಕೇಳಲಿಲ್ಲ. ನನಗೆ ಗೊತ್ತಿತ್ತು. ನನ್ನ ಚಾರಿತ್ರ್ಯದ ಸರ್ಟಿಫಿಕೇಟು ಮೂರು ವರ್ಷ ಬಿಡದೆ ಬಸ್ಸಿನಲ್ಲಿ ಹೋಗಿತ್ತು.

ಮದುವೆಯಾದ ಮರುದಿನವೇ ಹೆಂಡತಿಗೆ ನಿಜ ಸ್ಥಿತಿ ತಿಳಿಯಿತು. ನಾನು ಏಳುವುದು ಏಳೂವರೆಗೆ. ಇಂಡಿಯ ಮೇ ತಿಂಗಳಲ್ಲೂ, ನಲ್ಲಿಯ ನೀರೇ ಕಾದು ಬರುವಾಗ, ನನಗೆ ಇನ್ನೂ ಸ್ವಲ್ಪ ಕಾಸಿ ಕೊಡಬೇಕು. ಅಂದಿನಿಂದ ಇಂದಿನ ತನಕ ಅವಳ ಬಾಯಲ್ಲಿ ಒಂದೇ ಮಾತು: “ನಮ್ಮಪ್ಪ ಏನ ನೋಡಿ ಕೊಟ್ನೋ ನನ್ನ ಇವರಿಗೆ!”

ಏನು ನೋಡಿ ಎಂಬುದು ನನಗೆ ಗೊತ್ತಿದ್ದರಿಂದ ಸುಮ್ಮನಿರುತ್ತಿದ್ದೆ. ಯಾರಾದರೂ ಹಳೆಯ ಪತ್ರದ ಮಾತು ತೆಗೆದರೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ದಿನಾ ನನ್ನ ಕೈಯ ಕಿರಾಣಿ ಚೀಟಿ ಓದುವವಳು ಅವಳು. ಹಗ್ಗಕ್ಕೆ ತೂಗಿದ ಪತ್ರ ನೋಡಿದರೆ, ಹತ್ತು ಹೆಜ್ಜೆ ದೂರದಿಂದಲೇ ಅಕ್ಷರ ಯಾರದೆಂದು ಹೇಳುತ್ತಾಳೆ. ತನ್ನ ಗಂಡನನ್ನು ತನ್ನ ಅಪ್ಪನಿಗೆ ಶಿಫಾರಸು ಮಾಡಿದ್ದು ಆ ಗಂಡನೇ ಎಂದು ಗೊತ್ತಾದ ಮೇಲೆ, ಉಳಿದ ಆಯುಷ್ಯವನ್ನು ನಾನು ಆ ಮನೆಯಲ್ಲಿ ಹೇಗೆ ಕಳೆಯಬೇಕು?

ಪತ್ರ ಕದಿಯುವುದೊಂದೇ ದಾರಿ ಎಂದು ನಿರ್ಧರಿಸಿದೆ. ಐತವಾರ ದೊಡ್ಡ ಕಿಸೆಗಳ ಜುಬ್ಬಾ ಹಾಕಿಕೊಂಡೆ.

“ಇದ್ಯಾಕ್ರೀ? ಯಾರದರೆ ಮದಿವಿ ಐತೇನು?” ಎಂದಳು ಹೆಂಡತಿ.

“ಸೆಕೆ ಭಾಳ ಐತಿ,” ಎಂದೆ. ಅವತ್ತು ಮೋಡ ಕವಿದು ತಂಪಾಗಿತ್ತು.

ದೇವಣಗಾಂವದ ಪಡಸಾಲೆಯಲ್ಲಿ ಮಾವನವರು ಹೊರಸಿನ ಮೇಲೆ ಕೂತಿದ್ದರು. ಹೆಂಡತಿಯ ಅಣ್ಣ ನಮಗಿಂತ ಮೊದಲೇ ಬಂದು ಚಹಾ ಕುಡಿಯುತ್ತಿದ್ದ.

“ಬರ್ರಿ ಅಳಿಯಂದ್ರ, ಕುಂದರ್ರಿ.”

“ಇರಲಿ ಮಾವಾರ. ಆ ತಂತಿ ಎಲ್ಲೈತಿ ಹೇಳ್ರಿ, ನಾನ ತರ್ತೇನಿ.”

“ಅಳಿಯಂದ್ರು ಕೆಲಸ ಮಾಡೂದಂದ್ರೇನ್ರಿ? ಕುಂದರ್ರಿ.”

ಕೂತೆ. ಐದು ನಿಮಿಷ ಬಿಟ್ಟು, ನೀರು ಕುಡಿಯುವ ನೆಪದಲ್ಲಿ ಎದ್ದೆ. ಅತ್ತೆ ತಂಬಿಗೆಯನ್ನು ಕೂತಲ್ಲಿಗೇ ತಂದುಕೊಟ್ಟರು. ಕೈ ತೊಳೆಯಬೇಕೆಂದೆ; ಬಕೀಟನ್ನೂ ತಂದರು. ಅಳಿಯನಾಗಿ ಆ ಮನೆಯಲ್ಲಿ ಏನನ್ನೂ ಕದಿಯುವುದು ಸಾಧ್ಯವಿಲ್ಲ. ಅಷ್ಟರಲ್ಲಿ ಹೆಂಡತಿಯೇ ಒಳಗೆ ಹೋಗಿ, ಜೋಳದ ಚೀಲಗಳ ಕೋಣೆಯಿಂದ ತಂತಿ ಹಿಡಿದು ಬಂದಳು. ಕೆಳಗೆ ಕಟ್ಟಿಗೆಯ ಬಿಲ್ಲೆ, ಮೇಲೆ ಕೊಕ್ಕೆ, ನಡುವೆ ಮೊಳದುದ್ದ ಕಾಗದ. ನಾನು ಕಣ್ಣು ಮುಚ್ಚಿಕೊಂಡೆ.

“ಅಣ್ಣಾ, ಇವನ್ನೇನು ಹಗ್ಗಕ್ಕ ಹಾಕ್ತೀ?” ಎಂದು ಅವಳು ನಗುವುದು ಕೇಳಿಸಿತು.

ಕಣ್ಣು ಬಿಟ್ಟೆ. ಅವಳ ಕೈಯಲ್ಲಿದ್ದುದು ಒಂದು ನೀಲಿ ಕಾಗದ. ನಾನು ಬರೆದದ್ದು ಬಿಳಿ ಹಾಳೆಯ ಮೇಲೆ. ಮೇಲೆ ‘ತೀರ್ಥ’ ಎಂಬಷ್ಟು, ಕೆಳಗೆ ‘ಇಂತಿ’ ಎಂಬಷ್ಟು ಮಸುಕಾಗಿ ಉಳಿದು, ನಡುವೆಲ್ಲ ನನ್ನ ನೀಲಿ ಶಾಯಿ ಹರಡಿ ಮೋಡವಾಗಿತ್ತು. ಎರಡನೆಯದೂ ಹಾಗೇ. ಹತ್ತನೆಯದೂ ಹಾಗೇ.

“ಮೊದಲಿಂದನೂ ಹಿಂಗ ಬರ್ತಿದ್ವು,” ಎಂದರು ಮಾವ. “ಡಬ್ಬಿ ತಗದ್ರ ಹಬಿ ಏಳ್ತಿತ್ತು. ಎರಡು ಸಾಲರೆ ಉಳದೀತು ಅಂತ ‘ವಿವರವಾಗಿ ಬರಿ’ ಅಂದ್ರೂ ಹಿಂಗ ಬಂತು.”

ಒದ್ದೆ ಡಬ್ಬಿ, ಬಿಗಿದ ಮುಚ್ಚಳ, ಕೆಳಗೆ ಇಂಜಿನ್ನಿನ ಕಾವು. ನನ್ನ ಮೂರು ವರ್ಷದ ಸಾಹಿತ್ಯ, ಕಡಬು ಬೆಂದ ಹಾಗೆ ಬೆಂದು ಊರು ಮುಟ್ಟಿತ್ತು. ನೀರು ಆವಿಯಾಗುವ ಪಾಠವನ್ನು ನಾನು ಪ್ರತಿ ವರ್ಷ ಮಕ್ಕಳಿಗೆ ಚಿತ್ರ ಬರೆದು ಕಲಿಸುತ್ತೇನೆ.

“ಹಂಗಾರ ವಿಷಯ ತಿಳಿಯಿತು ಅಂತ ಹೆಂಗ ಬರದ್ರಿ?” ಎಂದೆ. ದನಿ ತುಸು ಏರಿತ್ತು.

“ಬರೀತಿದ್ದಾಕಿ ನಾನು,” ಎಂದಳು ಹೆಂಡತಿ. “ಅಪ್ಪ ಹೇಳ್ತಿದ್ದ. ಪತ್ರ ಬಂದ್ರ ಹಂಗ ಬರಿಯೂದು ಪದ್ಧತಿ ಅಲ್ಲೇನ್ರಿ?”

“ಓದಾಕ ಬರೂದಿಲ್ಲ ಅಂದ್ರ ಹುಡುಗ ಬರಿಯೂದ ಬಿಟ್ಟಾನು ಅನಿಸ್ತು,” ಎಂದರು ಮಾವ. “ಬರಾಕತ್ತಾವಲ್ಲ, ಹುಡುಗ ಅರಾಮ ಅದಾನ ಅಂತ ತಿಳೀತಿತ್ತು. ಮತ್ತೇನು ಬೇಕ್ರಿ?”

ನಾನು ಇಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಕಥೆ ಮುಗಿಯುತ್ತಿತ್ತು. ಪಾರಾಗಿದ್ದೆ. ಆದರೆ ಒಳಗೆ ಏನೋ ಕುದಿಯತೊಡಗಿತು. ಅಷ್ಟು ಕಷ್ಟಪಟ್ಟು ಬರೆದದ್ದನ್ನು ಒಬ್ಬರೂ ಓದಿಲ್ಲವೇ? ಒಂದು ಸಾಲನ್ನೂ?

“ಅದರಾಗ ತಣ್ಣೀರು ಸ್ನಾನದ ಸುದ್ದಿ ಇತ್ತು!” ಎಂದುಬಿಟ್ಟೆ.

“ಯಾರ ತಣ್ಣೀರು ಸ್ನಾನ?” ಎಂದಳು ಹೆಂಡತಿ.

“ನಂದು. ನಸುಕಿನ ನಾಕಕ್ಕ. ಮೌನ ವ್ರತಾನೂ ಇತ್ತು.”

“ಅಣ್ಣ ಬರದದ್ದು ನಿಮಗ ಹೆಂಗ ಗೊತ್ತು?”

“ನಾ ಎಲ್ಲಿ ಬರದೇನಿ?” ಎಂದ ಅವಳ ಅಣ್ಣ, ಝಳಕಿಯ ದನಿಯಲ್ಲಿ. “ಎಲ್ಲಾ ಇವನ ಬರದದ್ದು. ನಾ ಮಕ್ಕೊಂಡಿದ್ದೆ.”

ಹೆಂಡತಿ ನಕ್ಕಳು ನೋಡಿ, ಸೆರಗು ಬಾಯಿಗೆ ಹಿಡಿದು, ಕಂಬಕ್ಕೆ ಒರಗಿ. “ಅಯ್ಯ ನನ್ನವ್ವ! ನಾಕಕ್ಕ! ತಣ್ಣೀರು!” ಮಾವನವರ ಹೊರಸೂ ಕಿರುಗುಟ್ಟಿತು. ನಗು ನಿಲ್ಲುವಂತೆ ಕಾಣದ್ದರಿಂದ ನಾನು ಕೂತಲ್ಲೇ ಕಿಸೆಯೊಳಗೆ ಕೈ ಹಾಕಿಕೊಂಡೆ. ಅಷ್ಟು ದೊಡ್ಡ ಕಿಸೆಗಳಿಗೆ ಅದೊಂದೇ ಉಪಯೋಗ ಬಂತು.

ಕೊನೆಗೆ ಅವಳು ಕಣ್ಣೊರೆಸಿಕೊಂಡು ಅವ್ವನ ಕಡೆ ತಿರುಗಿದಳು. “ಪತ್ರ ಅಂತೂ ಓದಿಲ್ಲ. ಹಂಗಾರ ಏನ ನೋಡಿ ಕೊಟ್ರವ್ವಾ ನನ್ನ ಇವರಿಗೆ?”

“ಡಬ್ಬಿ ನೋಡಿ,” ಎಂದರು ಅತ್ತೆ.

“ಡಬ್ಬಿ?”

“ಊರಾಗಿನ ಎಲ್ಲಾರ ಡಬ್ಬಿ ಎಂಜಲ ಮುಸುರಿ ಆಗಿ ಬರ್ತಿದ್ವು. ನಮ್ಮದೊಂದು ಬೆಳ್ಳಿಯಂಗ ಬರ್ತಿತ್ತು. ನನ್ನ ಮಗ ಹುಟ್ಟಿದಾಗಿಂದ ಒಂದು ವಾಟಗಾ ತೊಳದಾಂವಲ್ಲ. ಅಂದ್ರ ಆ ಇನ್ನೊಬ್ಬ ಹುಡುಗನ ತೊಳೀತಾನ ಅಂತಾತು. ಅಂಥಾವ್ಗ ಕೊಟ್ರ ನನ್ನ ಮಗಳಿಗೆ ಮುಸುರಿ ತಿಕ್ಕೂದು ತಪ್ಪತೈತಿ ಅಂತ ನಾನ ಇವರಿಗೆ ಹೇಳಿದೆ.”

ಹೆಂಡತಿ ನಗುವುದನ್ನು ನಿಲ್ಲಿಸಿದಳು. ನಿಧಾನಕ್ಕೆ ನನ್ನ ಕಡೆ ನೋಡಿದಳು. ಮದುವೆಯಾದ ಲಾಗಾಯ್ತು ನಾನು ಉಂಡ ತಟ್ಟೆಯನ್ನು ಎತ್ತಿ ಬಚ್ಚಲಿಗೂ ಇಟ್ಟವನಲ್ಲ. ಎಷ್ಟೋ ವರ್ಷ ನಾನು ತಪ್ಪು ಸಾಕ್ಷಿಯನ್ನು ಬಚ್ಚಿಡಲು ಒದ್ದಾಡಿದ್ದೆ.

“ಡಬ್ಬಿ ತೊಳಿಯಾಕ ಬರ್ತಿತ್ತೇನ್ರಿ ನಿಮಗ?” ಎಂದಳು, ಬಹಳ ಮೆತ್ತಗೆ.

ಹಳೇ ವಿದ್ಯಾರ್ಥಿಗಳ ಕೂಟದಲ್ಲಿ ಆ ನೀಲಿ ಹಾಳೆಗಳನ್ನೂ ಹಗ್ಗಕ್ಕೆ ತೂಗಿದರು. ಮಂದಿ ಒಂದೊಂದರ ಮುಂದೆಯೂ ನಿಂತು, ತಲೆ ಆಡಿಸಿ, ಹೌದ್ಹೌದು ಎನ್ನುತ್ತ ಮುಂದೆ ಹೋದರು. ಅವರಿಗೆಲ್ಲ ವಿಷಯ ತಿಳಿದಂತೆಯೇ ಇತ್ತು. ನಾನು ಬೇಗ ಮನೆಗೆ ಹೊರಟೆ. ಅಡುಗೆಮನೆಯಲ್ಲಿ ಮುಂಜಾನೆಯ ಪಾತ್ರೆಗಳು ಹಾಗೇ ಬಿದ್ದಿದ್ದವು.

ಈಗ ದಿನಾ ಮುಸುರೆ ನನ್ನದು. ನಿನ್ನೆ ನನ್ನ ಶಾಲೆಯ ಬುತ್ತಿಡಬ್ಬಿ ತಿಕ್ಕಿ ಗೋಡೆಯ ಮಾಡದಲ್ಲಿ ಇಟ್ಟೆ. ಹೆಂಡತಿ ಬಂದು ಅದನ್ನು ಎತ್ತಿ ಬಗ್ಗಿಸಿದಳು. ನಾಲ್ಕು ಹನಿ ನೆಲಕ್ಕೆ ಬಿದ್ದವು.

“ಒರಸ್ರಿ ಇದನ್ನ,” ಎಂದಳು. “ಆಗರೆ ಒರಸಿ ಕಳಿಸಿದ್ರ, ಅಷ್ಟು ಚೊಲೊ ಹುಡುಗನ ಸುದ್ದಿ ನಾನೂ ಓದ್ತಿದ್ದೆ.”